ಪೋಸ್ತ್ರೆಗೆ ಮರುಕೂಗು

ಆ ಹೋಟೆಲಿನ ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಎರಡು ತಟ್ಟೆ ಅಕ್ಕಪಕ್ಕ ಹಿಡಿಸುವಷ್ಟು ಅಗಲ, ಒಬ್ಬರ ಮುಖ ಇನ್ನೊಬ್ಬರಿಗೆ ಅರ್ಧ ಮಾತ್ರ ಕಾಣುವಷ್ಟು ಎತ್ತರ. ಕಿಂಡಿಯ ನೆತ್ತಿಯ ಮೇಲೆ ಹಳೆಯ ಮಾಲೀಕರು ಬರೆಸಿಟ್ಟ ಹಲಗೆಯೊಂದು ಎಣ್ಣೆಜಿಡ್ಡು ಮೆತ್ತಿಕೊಂಡು ನೇತಾಡುತ್ತಿತ್ತು: ಕೂಗಿದ್ದನ್ನು ತಿರುಗಿ ಕೂಗು. ತಿರುಗಿ ಕೂಗಿದ್ದನ್ನು ಕೊಟ್ಟೇ ಕೊಡು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು.

ಹಾಲಿನಲ್ಲಿ ಆರ್ಡರು ತೆಗೆದುಕೊಳ್ಳುವ ಕ್ಯಾಪ್ಟನ್ "ಆರನೇ ಮೇಜಿಗೆ ಎರಡು ಸೂಪು" ಎಂದರೆ, ಒಳಗಿನವರು ಕೈಲಿದ್ದ ಕೆಲಸ ಬಿಡದೆ "ಆರಕ್ಕೆ ಎರಡು ಸೂಪು" ಎಂದು ತಿರುಗಿ ಕೂಗಬೇಕು. ಇದಕ್ಕೆ ಅಲ್ಲಿನವರು ಮರುಕೂಗು ಅನ್ನುತ್ತಿದ್ದರು. ಮರುಕೂಗು ಬಿತ್ತೆಂದರೆ ಮಾತು ಕೊಟ್ಟಂತೆ. ಆಮೇಲೆ ನೆಲ ಬಾಯಿ ಬಿಟ್ಟರೂ ತಟ್ಟೆ ಹೊರಗೆ ಬರಬೇಕು. ಯಾರಾದರೂ "ತಿಳಿಯಲಿಲ್ಲ" ಎಂದರೆ ಕ್ಯಾಪ್ಟನ್ ಎಲ್ಲಿದ್ದರೂ ಕಿಂಡಿಗೆ ಬಂದು ಬಿಡಿಸಿ ಹೇಳಬೇಕು. ಹೇಳದಿದ್ದರೆ ತಪ್ಪು ಕ್ಯಾಪ್ಟನ್ನಿನದು.

ಕಿಂಡಿಯ ಆಚೆ ಕ್ಯಾಪ್ಟನ್ ಆಗಿದ್ದವಳು ಹಿರಿಯವಳು. ಈಚೆ ಸಿಹಿ ಮೇಜಿನಲ್ಲಿ ಕಸ್ಟರ್ಡು, ಕೇಕು ಮಾಡುತ್ತಿದ್ದವಳು ಕಿರಿಯವಳು. ಇಬ್ಬರೂ ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡತಿಯರು. ಒಂದೇ ಮನೆ, ಒಂದೇ ಬಚ್ಚಲು, ಬೆಳಿಗ್ಗೆ ಒಂದೇ ಬಸ್ಸು. ಬಸ್ಸಿನಲ್ಲಿ ಒಬ್ಬಳು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬಳು ಹಿಂದಿನ ಬಾಗಿಲಲ್ಲಿ ಹತ್ತುತ್ತಿದ್ದಳು. ಇಬ್ಬರಿಗೂ ಮಾತು ಬಿಟ್ಟು ನಾಲ್ಕು ವರ್ಷ. ದಿನಕ್ಕೆ ನಲವತ್ತು ಸಲ ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದರು, ನಿಜ. ಆದರೆ ಹಿರಿಯವಳು ಕೂಗುತ್ತಿದ್ದದ್ದು ಕಿಂಡಿಗೆ, ಕಿರಿಯವಳು ತಿರುಗಿ ಕೂಗುತ್ತಿದ್ದದ್ದು ಕೈಲಿದ್ದ ಬೋಗುಣಿಗೆ.

ಜಗಳ ಹುಟ್ಟಿದ್ದು ಸ್ಪ್ಯಾನಿಷ್ ಭಾಷೆಯಿಂದ. ಹಿರಿಯವಳು ಆಗ ಅದನ್ನು ಕಲಿಯಲು ಸಂಜೆ ತರಗತಿಗೆ ಹೋಗುತ್ತಿದ್ದಳು. ಮೊದಲ ಪರೀಕ್ಷೆ ಮುಗಿದಾಗ "ಪಾಸಾಯ್ತು" ಎಂದು ಮನೆಮಂದಿಗೆಲ್ಲ ಹೇಳಿದ್ದಳು. ಒಂದು ದಿನ ಕಿರಿಯವಳು ಒಗೆದ ಬಟ್ಟೆ ಮಡಚಿ ಅವಳ ಬೀರುವಿನಲ್ಲಿಡುವಾಗ ನಪಾಸು ಎಂದಿದ್ದ ಫಲಿತಾಂಶದ ಕಾಗದ ಕೆಳಗೆ ಬಿತ್ತು. ಓದಿದಳು. ಓದಿದವಳು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮೂರು ದಿನಕ್ಕೊಮ್ಮೆ ಒಂದು ಮಾತಾಡುವವಳು, ಅವತ್ತು ರಾತ್ರಿ ಊಟದ ಮೇಜಿನಲ್ಲಿ, ಭಾವನ ಎದುರಿಗೆ, ನಿಜವಾದ ಕಾಳಜಿಯಿಂದಲೇ ಕೇಳಿಬಿಟ್ಟಳು: "ಅಕ್ಕ, ಮತ್ತೆ ಪರೀಕ್ಷೆ ಕಟ್ಟೋದು ಯಾವಾಗ?"

ಹಿರಿಯವಳು ಕೈತೊಳೆದು ಎದ್ದುಹೋದವಳು ಮತ್ತೆಂದೂ ಅವಳ ಕಡೆ ತಿರುಗಿ ಮಾತಾಡಲಿಲ್ಲ. ಎರಡನೇ ಸಲಕ್ಕೆ ಅವಳು ಪಾಸಾದಳು, ತರಗತಿಗೇ ಮೊದಲಿಗಳಾಗಿ. ಅದನ್ನು ಮನೆಯಲ್ಲಿ ಯಾರೂ ಹಿಗ್ಗಿ ಕೇಳಲಿಲ್ಲ. ಮೊದಲನೇದರ ಮಸಿ ಎರಡನೇದಕ್ಕೂ ಹತ್ತಿಕೊಂಡಿತ್ತು.

ಗಂಡಂದಿರಿಬ್ಬರೂ ಈ ವಿಷಯದಲ್ಲಿ ಯಾರ ಪರವೂ ಅಲ್ಲ ಎನ್ನುತ್ತಿದ್ದರು, ಅಂದರೆ ಹೆದರುಪುಕ್ಕಲರು. ನಡುವೆ ಸಿಕ್ಕಿಕೊಂಡವರು ಅತ್ತೆ. "ಅತ್ತೆ, ಬಚ್ಚಲಲ್ಲಿ ನೀರು ಬಿಟ್ಟು ಬಂದಿದಾಳೆ ಅಂತ ಹೇಳಿ." "ಕೇಳಿಸ್ತಲ್ಲ ಕಣೇ, ನೀರು ನಿಲ್ಲಿಸು." "ನಿಲ್ಲಿಸಿದೀನಿ ಅಂತ ಹೇಳಿ ಅತ್ತೆ." "ನಿಲ್ಲಿಸಿದಾಳಂತೆ." ನಾಲ್ಕು ವರ್ಷ ಹೀಗೆ ಅಂಚೆ ಹಂಚಿ ಹಂಚಿ ಅತ್ತೆಗೆ ಕತ್ತು ಎರಡೂ ಕಡೆ ಸರಾಗವಾಗಿ ತಿರುಗುತ್ತಿತ್ತು.

ಹೀಗಿರುವಾಗ ಹೋಟೆಲಿಗೆ ಹೊಸ ಮ್ಯಾನೇಜರ್ ಬಂದ. ಒಂದು ಮಂಗಳವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ: ಪಕ್ಕದ ಕಾರ್ಖಾನೆಗೆ ಯಂತ್ರ ಕೂಡಿಸಲು ಹೊರದೇಶದ ಇಂಜಿನಿಯರುಗಳು ಬರುತ್ತಿದ್ದಾರೆ. ಮೂವತ್ತು ಜನ, ನಾಲ್ಕು ತಿಂಗಳು, ಮಧ್ಯಾಹ್ನದ ಊಟ ಇಲ್ಲೇ. ಅವರ ಮಾತು ಸ್ಪ್ಯಾನಿಷ್. ಸೋಮವಾರ ಮೊದಲ ತಂಡ.

"ಸಿಹಿ ಮಾಡೋರೇ ತಳ್ಳುಗಾಡಿ ತಗೊಂಡು ಮೇಜಿಗೆ ಹೋಗಿ, ಏನೇನಿದೆ ಅಂತ ಅವರ ಭಾಷೆಯಲ್ಲೇ ಹೇಳಬೇಕು" ಎಂದು ಕಿರಿಯವಳ ಕಡೆ ನೋಡಿದ. "ಆಗುತ್ತಾ ಮೇಡಂ?"

ಕಿರಿಯವಳು ಉಗುರಿನ ಸಂದಿಯ ಹಿಟ್ಟು ನೋಡಿಕೊಂಡಳು.

"ಆಗಲ್ಲ ಅಂದ್ರೂ ಪರವಾಗಿಲ್ಲ. ಹೊರಗಿಂದ ಡಬ್ಬಿ ಕೇಕು ತರಿಸ್ತೀನಿ. ಮೇಲೆ ಹೆಸರು ಅಚ್ಚಾಗೇ ಬರುತ್ತೆ, ಯಾರೂ ಮಾತಾಡೋದೇ ಬೇಡ. ನೀವು ತರಕಾರಿ ಹೆಚ್ಚೋಕೆ ಹೋಗಬಹುದು. ಸೋಮವಾರ ನೋಡೋಣ."

ಹನ್ನೊಂದು ವರ್ಷ. ಆ ಅಮೃತಶಿಲೆಯ ಮೇಜು ಬೆಳಿಗ್ಗೆ ಎಷ್ಟು ತಣ್ಣಗಿರುತ್ತದೆ, ಒಲೆಯ ಎಡಮೂಲೆ ಎಷ್ಟು ಬೇಗ ಸುಡುತ್ತದೆ, ಸಕ್ಕರೆ ಯಾವ ಬಣ್ಣಕ್ಕೆ ಬಂದಾಗ ಬಾಣಲೆ ಇಳಿಸಬೇಕು ಎಂಬುದೆಲ್ಲ ಅವಳ ಕೈಗೆ ಬಾಯಿಪಾಠ. ಅವಳು ಈ ಭೂಮಿಯ ಮೇಲೆ ಧೈರ್ಯವಾಗಿ ನಿಲ್ಲುತ್ತಿದ್ದ ಜಾಗ ಅದೊಂದೇ. ಅದನ್ನು ಬಿಟ್ಟು ತರಕಾರಿ ರಾಶಿಯ ಮುಂದೆ ಕೂರಲು ಅವಳು ತಯಾರಿರಲಿಲ್ಲ. "ಕಲೀತೀನಿ" ಎಂದಳು.

"ಒಳ್ಳೇದು. ನಿಮ್ಮ ಮನೇಲೇ ಟೀಚರ್ ಇದಾರಲ್ಲ" ಎಂದು ಮ್ಯಾನೇಜರ್ ನಕ್ಕ. ಅವನಿಗೇನು ಗೊತ್ತು ಪಾಪ. ಸಾಲಿನಲ್ಲಿದ್ದ ಉಳಿದವರೆಲ್ಲ ಕೆಮ್ಮಿದರು. ಹಿರಿಯವಳು ಮಾತ್ರ ಕೆಮ್ಮಲಿಲ್ಲ. ತನ್ನ ಕೋಟಿನ ಗುಂಡಿಯನ್ನು ನಿಧಾನವಾಗಿ ಹಾಕಿಕೊಂಡಳು.

ಆ ಸಂಜೆ ಮನೆಯಲ್ಲಿ ಅತ್ತೆಯೇ ಹಿರಿಯವಳ ಮುಂದೆ ಪಟ್ಟು ಹಿಡಿದರು. "ಅವಳ ಕೆಲಸ ಹೋದ್ರೆ ಮನೆಗೇ ಕಷ್ಟ ಕಣೇ. ನೀನು ಅವಳಿಗೆ ಹೇಳ್ಬೇಡ, ನನಗೆ ಹೇಳು. ನಾನು ಅವಳಿಗೆ ಹೇಳ್ತೀನಿ. ನಿನ್ನ ಹಠಾನೂ ಉಳೀತು, ಅವಳ ಕೆಲಸಾನೂ ಉಳೀತು."

ಹಿರಿಯವಳು ಮೇಜಿನ ಒಂದು ತುದಿಗೆ ಕೂತಳು. ಕಿರಿಯವಳು ಇನ್ನೊಂದು ತುದಿಗೆ, ಹಿಟ್ಟಿನ ಚೀಲದಿಂದ ಹರಿದ ಕಾಗದ ಮತ್ತು ಪೆನ್ಸಿಲ್ ಹಿಡಿದು. ನಡುವೆ ಅತ್ತೆ, ಮಡಚಬೇಕಾದ ಬಟ್ಟೆಯ ಗುಡ್ಡೆಯ ಹಿಂದೆ.

"ಬರ್ಕೊಳಕ್ಕೆ ಹೇಳಿ ಅತ್ತೆ. ಪೋಸ್ತ್ರೆ. ಊಟ ಮುಗಿದ ಮೇಲೆ ಕೊನೆಗೆ ತಿನ್ನೋದಕ್ಕೆ ಹಾಗಂತಾರೆ. ಕಂಡವರ ಬೀರು ತೆಗೆದು ಓದೋದಕ್ಕಲ್ಲ."

ಅತ್ತೆ ಕತ್ತು ತಿರುಗಿಸಿದರು. "ಪೋಸ್ತ್ರೆ ಅಂತೆ. ಕೊನೆಗೆ ತಿನ್ನೋದಂತೆ. ಬೀರು ವಿಷಯ ನಿನಗೇ ಕೇಳಿಸ್ತಲ್ಲ."

"ಬರೀ ಪೋಸ್ತ್ರೆ, ಪೋಸ್ತ್ರೆ ಅಂತ ಕಿರುಚ್ಕೊಂಡು ಗಾಡಿ ತಳ್ಳಿದ್ರೆ ತರಕಾರಿ ಮಾರೋರ ಥರ ಇರುತ್ತೆ. ಹೇಗೂ ಅದೇ ಕೆಲಸ ಕಾದಿದೆ. ಮುಂದೆ ದೆ ಅಂತ ಸೇರಿಸ್ಬೇಕು. ದೆ ಪೋಸ್ತ್ರೆ. ಅಂದ್ರೆ ಊಟದ ಕೊನೆಗೆ ಅಂತ. ದೆ ಪೋಸ್ತ್ರೆ ತೆನೆಮೋಸ್ ಫ್ಲಾನ್: ಕೊನೆಗೆ ನಮ್ಮಲ್ಲಿ ಕ್ಯಾರಮೆಲ್ ಕಸ್ಟರ್ಡು ಇದೆ. ಕೇಕಿಗೆ ತಾರ್ತ, ನಡುವೆ ಮತ್ತು ಅನ್ನೋಕೆ ಇ. ಆಯ್ತು, ಇಷ್ಟೇ" ಎಂದಳು ಹಿರಿಯವಳು.

"ಅವರು ತಿರುಗಿ ಏನಾದ್ರೂ ಕೇಳಿದ್ರೆ ಏನು ಹೇಳ್ಬೇಕು ಅಂತ ಕೇಳಿ ಅತ್ತೆ" ಎಂದಳು ಕಿರಿಯವಳು.

"ಏನಾದ್ರೂ ಕೇಳಿದ್ರೆ ಏನು—"

"ಕೇಳಿಸ್ತು. ಬಾಯಿ ಮುಚ್ಕೊಂಡು ನಗಬೇಕು ಅಂತ ಹೇಳಿ. ನಾಲ್ಕು ವರ್ಷದ ಹಿಂದೆ ಅಭ್ಯಾಸ ಮಾಡ್ಕೊಂಡಿದ್ರೆ ಈಗ ಸುಲಭವಾಗ್ತಿತ್ತು."

ಹೀಗೇ ನಡೆಯಿತು ಐದು ದಿನದ ಪಾಠ. ಹಿರಿಯವಳು ಸುಳ್ಳು ಹೇಳಿಕೊಡಲಿಲ್ಲ. ಅವಳ ದ್ವೇಷಕ್ಕೂ ಒಂದು ಲೆಕ್ಕಾಚಾರ ಇತ್ತು. ಕಲಿಸಿದ್ದು ಕಲ್ಲಿನಷ್ಟು ಸರಿಯಾಗಿರಬೇಕು, ಆದರೆ ಕೇಳಿದ್ದಕ್ಕಿಂತ ಒಂದು ಚೂರೂ ಹೆಚ್ಚಿರಬಾರದು. ಕಿರಿಯವಳು ಕಸ್ಟರ್ಡಿಗೆ ಮೊಟ್ಟೆ ಒಡೆಯುತ್ತ ದೆ ಪೋಸ್ತ್ರೆ, ಅಚ್ಚಿಗೆ ಬೆಣ್ಣೆ ಸವರುತ್ತ ದೆ ಪೋಸ್ತ್ರೆ, ಬಸ್ಸಿನ ಹಿಂದಿನ ಬಾಗಿಲಲ್ಲಿ ಜೋತುಬಿದ್ದು ದೆ ಪೋಸ್ತ್ರೆ ಎಂದು ಗೊಣಗುತ್ತಿದ್ದಳು.

ಎಲ್ಲರಿಗಿಂತ ಚೆನ್ನಾಗಿ ಕಲಿತವರು ಅತ್ತೆ. ಶನಿವಾರ ಸಾಯಂಕಾಲ ನಾಲ್ಕಕ್ಕೆ ಟೀ ಜೊತೆ ಬಿಸ್ಕತ್ತು ಅದ್ದುತ್ತ, "ನೋಡು, ನನ್ನ ಪೋಸ್ತ್ರೆ" ಎಂದು ಬೀಗಿದರು.

"ಅಲ್ಲ ಅತ್ತೆ" ಎಂದು ಹಿರಿಯವಳು ಒಳಕೋಣೆಯಿಂದಲೇ ತಿದ್ದಿದಳು. "ಹೊತ್ತಲ್ಲದ ಹೊತ್ತಲ್ಲಿ ತಿಂದಿದ್ದು ಪೋಸ್ತ್ರೆ ಆಗಲ್ಲ. ಊಟದ ಕೊನೆಗೆ ಬಂದ್ರೆ ಮಾತ್ರ."

ಕಿರಿಯವಳು ಅದನ್ನೂ ಕಾಗದದ ಅಂಚಿನಲ್ಲಿ ಸಣ್ಣಗೆ ಬರೆದುಕೊಂಡಳು. ತನಗೆ ಹೇಳಿದ್ದಲ್ಲ. ಆದರೂ ಬರೆದುಕೊಂಡಳು.

ಸೋಮವಾರ ಮಧ್ಯಾಹ್ನ ಆರು ಜನ ಬಂದರು. ಕಿಟಕಿಯ ಬಳಿಯ ದೊಡ್ಡ ಮೇಜು. ಐವರು ಹುಡುಗರು, ತುದಿಯಲ್ಲಿ ಕೂತವನು ಮಾತ್ರ ಬಿಳಿಗೂದಲಿನವನು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ. ಹಿರಿಯವಳು ಅವರ ಊಟದ ಆರ್ಡರನ್ನು ಅವರದೇ ಭಾಷೆಯಲ್ಲಿ, ಬರೆದುಕೊಳ್ಳದೆ ತೆಗೆದುಕೊಂಡಳು. ಮ್ಯಾನೇಜರ್ ಕಂಬಕ್ಕೆ ಒರಗಿ ಕೈಕಟ್ಟಿ ನೋಡುತ್ತಿದ್ದ. ಹಾಲಿನ ಆ ತುದಿಯಲ್ಲಿ, ಹೊರಗಿನಿಂದ ತರಿಸಿದ ಡಬ್ಬಿ ಕೇಕುಗಳು ಮೂರು, ಮಾದರಿಗೆಂದು, ಆಗಲೇ ಬಂದು ಕೂತಿದ್ದವು.

ತಟ್ಟೆಗಳು ತೆರವಾದವು. ಅಡುಗೆಮನೆಯ ಮಾಸ್ಟರ್ ಕಿರಿಯವಳ ಬೆನ್ನಿಗೊಂದು ಮೆಲ್ಲಗೆ ತಟ್ಟಿದ. "ಹೋಗು ತಂಗೀ. ಮನುಷ್ಯರನ್ನೇ ತಿನ್ನೋ ಜನ ಅಲ್ಲ ಅವರು."

ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವಳು ಹಾಲಿಗೆ ಬಂದದ್ದು ಇದೇ ಮೊದಲು. ಬೆಳಕು ಜಾಸ್ತಿ ಅನ್ನಿಸಿತು. ಏಪ್ರನ್ನಿನ ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿಕೊಂಡು ಮೇಜಿನ ಬಳಿ ನಿಂತು, ಉಸಿರೆಳೆದುಕೊಂಡು ಹೇಳಿದಳು:

"ದೆ ಪೋಸ್ತ್ರೆ ತೆನೆಮೋಸ್ ಫ್ಲಾನ್. ಇ ತಾರ್ತ."

ಸರಿಯಾಗಿ ಬಂತು. ಹುಡುಗರು ತಲೆಯಾಡಿಸಿದರು. ಕಂಬದ ಬಳಿ ಮ್ಯಾನೇಜರನ ಹುಬ್ಬು ಏರಿತು. ಹಿರಿಯವಳ ಮುಖದಲ್ಲಿ ಏನೂ ಕಾಣಲಿಲ್ಲ.

ಆಗ ಬಿಳಿಗೂದಲಿನವನು ಗಾಡಿಯನ್ನೊಮ್ಮೆ ನೋಡಿ, ಬೇಡವೆಂಬಂತೆ ಕೈಯಾಡಿಸಿ, ಒಂದು ಬೆರಳೆತ್ತಿ ನಿಧಾನವಾಗಿ ಹೇಳಿದ:

"ದೆ ಪೋಸ್ತ್ರೆ, ಊನಾ ಮನ್ಸಾನಾ."

ಮೊದಲರ್ಧ ಅವಳಿಗೆ ಗೊತ್ತಿದ್ದದ್ದು. ಕೊನೆಯ ಮಾತು ಗೊತ್ತಿರಲಿಲ್ಲ. ನಗಬೇಕಿತ್ತು, ಪಾಠದಲ್ಲಿ ಹಾಗೆಂದೇ ಇತ್ತು. ಆದರೆ ಹನ್ನೊಂದು ವರ್ಷ ದಿನಕ್ಕೆ ನಲವತ್ತು ಸಲ ಪಳಗಿದ ಗಂಟಲು ಅವಳ ಅಪ್ಪಣೆ ಕೇಳಲಿಲ್ಲ. ಎದುರಿಗಿನವರು ಒಂದು ತಿಂಡಿಯ ಹೆಸರು ಹೇಳುವ ಧಾಟಿಯಲ್ಲಿ ಹೇಳಿದ್ದೇ ತಡ, ಅವಳು ಬೆನ್ನು ನೆಟ್ಟಗೆ ಮಾಡಿ, ಒಲೆಗಳ ಸದ್ದನ್ನೂ ಮೀರಿಸುವ ಅಡುಗೆಮನೆಯ ದನಿಯಲ್ಲಿ ಕೂಗಿದಳು:

"ದೆ ಪೋಸ್ತ್ರೆ, ಊನಾ ಮನ್ಸಾನಾ!"

ಪಕ್ಕದ ಮೇಜಿನವರ ಚಮಚ ಕೆಳಗೆ ಬಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೊಳ್ಳೆಂದರು. ಬಿಳಿಗೂದಲಿನವನು ಮಾತ್ರ ನಗಲಿಲ್ಲ. ತನ್ನ ಮಾತು ಮುಟ್ಟಿತು ಎಂದುಕೊಂಡು ಸಮಾಧಾನವಾಗಿ ನ್ಯಾಪ್ಕಿನ್ನು ತೊಡೆಯ ಮೇಲೆ ಹಾಸಿಕೊಂಡ.

ಕಿರಿಯವಳ ಕಿವಿ ಕೆಂಡವಾಯಿತು. ಮರುಕೂಗು ಬಿದ್ದಿತ್ತು. ಬಿದ್ದ ಮೇಲೆ ಕೊಡಲೇಬೇಕು. ಕೊಡುವುದು ಏನನ್ನು? ಅದು ಕೆಂಪೋ ಹಸಿರೋ, ಬಿಸಿಯೋ ತಣ್ಣಗೋ, ಹೋಟೆಲಿನಲ್ಲಿದೆಯೋ ಇಲ್ಲವೋ, ದೇವರಿಗೇ ಗೊತ್ತು. ದೇವರಿಗೆ, ಮತ್ತು ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಹಿರಿಯವಳಿಗೆ.

ಅವಳ ಕಡೆ ನೋಡಿದಳು. ಹಿರಿಯವಳು ಕಿಟಕಿಯ ಪರದೆಯನ್ನು ನೋಡುತ್ತಿದ್ದಳು. ತುಟಿಯ ಒಂದು ಮೂಲೆ ಸ್ವಲ್ಪ, ಸ್ವಲ್ಪವೇ ಮೇಲೆದ್ದಿತ್ತು. ನಾಲ್ಕು ವರ್ಷ ಕಾದ ಮುಖ ಅದು.

ಕಿರಿಯವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಗಾಡಿಯನ್ನು ಅಲ್ಲೇ ಬಿಟ್ಟು, ಓರಗಿತ್ತಿಯ ಪಕ್ಕದಲ್ಲೇ ಸೆರಗು ತಾಗುವಂತೆ ಹಾದು, ನೇರ ಕಿಂಡಿಗೆ ಹೋದಳು. ಹಾಲಿನ ಕಡೆಯಿಂದ, ಎಂದೂ ತಾನು ನಿಲ್ಲದ ಕಡೆಯಿಂದ, ಒಳಗೆ ಕೂಗಿದಳು:

"ಕಿಟಕಿ ಮೇಜಿಗೆ ಒಂದು ಮನ್ಸಾನಾ!"

ಒಳಗಿನಿಂದ ಮಾಸ್ಟರನ ದನಿ: "ತಿಳಿಯಲಿಲ್ಲ!"

ಹಾಲಿನಲ್ಲಿದ್ದ ಕೆಲಸದವರೆಲ್ಲ ಕ್ಯಾಪ್ಟನ್ನಿನ ಕಡೆ ತಿರುಗಿದರು. ನೆತ್ತಿಯ ಮೇಲೆ ಹಲಗೆ ಇತ್ತು. ಹಿರಿಯವಳು ಅಲುಗಲಿಲ್ಲ.

"ಒಂದು ಮನ್ಸಾನಾ!" ಎಂದು ಕಿರಿಯವಳು ಮತ್ತೆ ಕೂಗಿದಳು, ಕಿಂಡಿಗಲ್ಲ, ಓರಗಿತ್ತಿಯನ್ನೇ ನೋಡುತ್ತ.

"ತಿಳಿಯಲಿಲ್ಲಾ! ಯಾರ್ರೀ ಅಲ್ಲಿ, ಕ್ಯಾಪ್ಟನ್ ಸತ್ತೋಗಿದಾರಾ?"

ಮ್ಯಾನೇಜರ್ ಕಂಬ ಬಿಟ್ಟು ನೆಟ್ಟಗಾದ. "ಏನು ಕ್ಯಾಪ್ಟನ್, ಏನು ಕೇಳ್ತಿದಾರೆ ಅವರು? ನಿಮಗೂ ಗೊತ್ತಿಲ್ವಾ?"

ನಿಮಗೂ ಗೊತ್ತಿಲ್ವಾ. ಆ ಮಾತು ಹೋಗಿ ನಾಟಿದ್ದು ಎಲ್ಲಿ ಎಂಬುದು ಆ ಹಾಲಿನಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಹಿರಿಯವಳ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. ಅವಳು ಕಿಂಡಿಗೆ ಹೇಳಬಹುದಿತ್ತು. ಮಾಸ್ಟರನ ಹೆಸರು ಹಿಡಿದು ಹೇಳಬಹುದಿತ್ತು. ಮ್ಯಾನೇಜರನಿಗೇ ಹೇಳಬಹುದಿತ್ತು. ಅದೆಲ್ಲ ಬಿಟ್ಟು ನಾಲ್ಕು ಹೆಜ್ಜೆ ದಡದಡ ನಡೆದುಬಂದು, ಕಿರಿಯವಳ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹಲ್ಲು ಕಚ್ಚಿಕೊಂಡು ಹೇಳಿದಳು:

"ಸೇಬು ಕಣೇ, ಸೇಬು! ಏನು ಅಂತ ಗೊತ್ತಿಲ್ದೆ ಹೆಂಗೆ ಒಪ್ಕೊಂಡೆ ನೀನು? ಹನ್ನೊಂದು ವರ್ಷ ಕಿಂಡಿ ಹಿಂದೆ ನಿಂತು ಕಲ್ತಿದ್ದು ಇದೇನಾ?"

"ಒಂದು ಸೇಬು!" ಎಂದು ಕೂಗಿದಳು ಕಿರಿಯವಳು, ಅವಳ ಮುಖಕ್ಕೇ.

"ಒಂದು ಸೇಬು!" ಎಂದಿತು ಕಿಂಡಿ.

ಸೇಬು ಸಿಹಿ ಮೇಜಿನದಲ್ಲ, ಸಲಾಡಿನ ಬುಟ್ಟಿಯದು. ಹಸಿ ಹಣ್ಣನ್ನು ಹಾಗೇ ಕೊಟ್ಟರೆ ತಮಾಷೆ ಮಾಡಿದಂತಾಗುವುದಿಲ್ಲವೇ ಎಂದು ಕಿರಿಯವಳಿಗೆ ಒಂದು ಗಳಿಗೆ ಅನುಮಾನ ಬಂತು. ಆಗ ಜೇಬಿನ ಕಾಗದದ ಅಂಚು ನೆನಪಾಯಿತು. ಊಟದ ಕೊನೆಗೆ ಬಂದ್ರೆ ಮಾತ್ರ. ಸಿಹಿತಿಂಡಿಯೇ ಆಗಿರಬೇಕು ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಬರಬೇಕು ಎಂದಷ್ಟೇ ಹೇಳಿದ್ದರು. ಅದನ್ನೂ ಅವಳಿಗೆ ಹೇಳಿದ್ದಲ್ಲ.

ತೊಳೆದು ಒರೆಸಿದ ಸೇಬನ್ನು ಬಿಳಿ ತಟ್ಟೆಯಲ್ಲಿಟ್ಟು, ಪಕ್ಕದಲ್ಲೊಂದು ಸಣ್ಣ ಚೂರಿಯಿಟ್ಟು ತಂದಳು. "ದೆ ಪೋಸ್ತ್ರೆ, ಊನಾ ಮನ್ಸಾನಾ" ಎಂದಳು, ಈ ಸಲ ಮನುಷ್ಯರ ದನಿಯಲ್ಲಿ. ಬಿಳಿಗೂದಲಿನವನು ಕನ್ನಡಕ ಇಳಿಸಿಕೊಂಡು, ಸಿಪ್ಪೆ ಎಲ್ಲೂ ಹರಿಯದಂತೆ ಒಂದೇ ಸುರುಳಿಯಾಗಿ ಬಿಡಿಸತೊಡಗಿದ. ಅದನ್ನು ನೋಡಿ ಇನ್ನಿಬ್ಬರು ತಮಗೂ ಅದೇ ಎಂದರು. ಇಬ್ಬರು ಕಸ್ಟರ್ಡು ತಿಂದು ತಟ್ಟೆಯ ಸಕ್ಕರೆಪಾಕವನ್ನು ಬ್ರೆಡ್ಡಿನಲ್ಲಿ ಒರೆಸಿದರು. ಒಬ್ಬ ಕೇಕನ್ನು ಅರ್ಧ ಬಿಟ್ಟ. ಮಾದರಿಯ ಡಬ್ಬಿಗಳ ಕಡೆ ಯಾರೂ ತಿರುಗಿ ನೋಡಲಿಲ್ಲ.

"ಗಾಡಿ ನಿಮ್ಮದೇ" ಎಂದ ಮ್ಯಾನೇಜರ್, ಆಮೇಲೆ, ಕಿಂಡಿಯ ಬಳಿ. "ಹಣ್ಣುಗಳನ್ನೂ ಜೋಡಿಸಿಕೊಳ್ಳಿ. ಆದರೆ ದಯವಿಟ್ಟು ಗಿರಾಕಿಗಳ ಮುಂದೆ ಹಾಗೆ ಅರಚಬೇಡಿ. ಕ್ಯಾಪ್ಟನ್, ನೀವೂ ಕೂಡ. ಮನೆ ಜಗಳ ಮನೇಲಿ."

ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಬಾಗಿಲಲ್ಲಿ ಮನೆಗೆ ಬಂದರು.

ಊಟಕ್ಕೆ ಕೂತಾಗ ಹಿರಿಯವಳು ಬಾಯಿ ತೆರೆದಳು. "ಅತ್ತೆ, ಅವಳಿಗೆ ಹೇಳಿ, ನಾಳೆ—"

"ನಾನ್ಯಾಕೆ ಹೇಳ್ಲಿ?" ಎಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ. "ಹಾಲಿನ ತುಂಬ ಜನರ ಮುಂದೆ ಅವಳ ಮುಖಕ್ಕೇ ಬೈದ್ಯಂತೆ. ಸುದ್ದಿ ನಿಮಗಿಂತ ಮೊದಲೇ ಮನೆಗೆ ಬಂತು. ಇನ್ನು ನನ್ನ ಕತ್ತು ತಿರುಗಲ್ಲಮ್ಮ. ನಿಮ್ಮ ನಿಮ್ಮ ಬಾಯಿ ನಿಮ್ಮ ನಿಮ್ಮ ಹತ್ರಾನೇ ಇದೆ."

ಹಿರಿಯವಳು ಅನ್ನ ಕಲಸತೊಡಗಿದಳು.

"ಹಣ್ಣೂ ಪೋಸ್ತ್ರೆ ಆಗುತ್ತೆ ಅಂತ ಮೊದಲೇ ಹೇಳಬಹುದಿತ್ತು" ಎಂದಳು ಕಿರಿಯವಳು, ಉಪ್ಪಿನ ಬಟ್ಟಲಿನ ಕಡೆ ನೋಡುತ್ತ.

"ನೀನು ಕೇಳ್ಲಿಲ್ಲ."

"ಏನು ಅಂತ ಕೇಳೋದು? ಗೊತ್ತಿದ್ರೆ ತಾನೇ ಕೇಳೋಕೆ."

"ಕೇಳದೆ ಇದ್ದಿದ್ದನ್ನ ಊಟದ ಹೊತ್ತಲ್ಲಿ ಎಲ್ಲರ ಮುಂದೆ ಹೇಳೋ ಚಾಳಿ ನಂದಲ್ಲ" ಎಂದಳು ಹಿರಿಯವಳು. ನಾಲ್ಕು ವರ್ಷ ಮಸೆದಿಟ್ಟದ್ದು. ನೇರ ಹೋಗಿ ನಾಟಿತು.

ಕಿರಿಯವಳು ತುತ್ತನ್ನು ತಟ್ಟೆಗೆ ಇಳಿಸಿದಳು. "ಆ ಕಾಗದ ನಾನು ಹುಡುಕಿದ್ದಲ್ಲ. ಬಟ್ಟೆ ಇಡೋವಾಗ ಬಿತ್ತು."

"ಬಿದ್ದಿದ್ದನ್ನ ಓದಿದ್ಯಾರು?"

"ನಾನೇ."

"ಓದಿ ಒದರಿದ್ಯಾರು?"

"ನಾನೇ."

ಹಿರಿಯವಳು ಇಷ್ಟು ಸುಲಭಕ್ಕೆ ತಯಾರಿರಲಿಲ್ಲ. ಇನ್ನೂ ಎರಡು ಮೂರು ಮಾತು ನಾಲಿಗೆಯ ತುದಿಯಲ್ಲಿದ್ದವು. ಅವಕ್ಕೆ ಹೋಗಲು ಜಾಗ ಸಿಗಲಿಲ್ಲ. ನೀರು ಕುಡಿದಳು. ಲೋಟವನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕಿದಳು.

"ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

"ನಾಳೆ ಮೂವತ್ತು ಜನಾನೂ ಬರ್ತಾರೆ. ಇವತ್ತಿನ ಥರ ನನ್ನ ಮಾನ ಕಳೀಬೇಡ. ಪೇರ್ ಹಣ್ಣಿಗೆ ಪೆರಾ. ದ್ರಾಕ್ಷಿಗೆ ಊವಾಸ್. ಎರಡನೇ ಸಲ ಹೇಳಲ್ಲ."

ಕಿರಿಯವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಪೇರಿಗೆ ಪೆರಾ! ದ್ರಾಕ್ಷಿಗೆ ಊವಾಸ್!"

ಅತ್ತೆ ಬೆಚ್ಚಿ ಮಜ್ಜಿಗೆ ಚೆಲ್ಲಿಕೊಂಡರು.

"ಅರಚಬೇಡ್ವೇ, ಪೀಡೆ! ಇದೇನು ಹೋಟೆಲಾ?" ಎಂದಳು ಹಿರಿಯವಳು.

ಕಿರಿಯವಳು ದನಿ ತಗ್ಗಿಸಿ, ಅವಳ ಮುಖವನ್ನೇ ನೋಡುತ್ತ, ಎರಡನ್ನೂ ಇನ್ನೊಮ್ಮೆ ಹೇಳಿದಳು.